ಎಲೀಯಾಬನ ಎತ್ತರ

ಅರಸ ಸೌಲನ ಬದಲಿಗೆ ಇಷಯನ ಮಕ್ಕಳಲ್ಲೊಬ್ಬನನ್ನು ಅಭಿಷೇಕಿಸಲು ದೇವರು ಸಮುವೇಲನನ್ನು ಕಳುಹಿಸಿದ್ದರು. ಹಿರಿಯ ಮಗ ಎಲೀಯಾಬನನ್ನು ಕಂಡೊಡನೆ ಸಮುವೇಲನಂಥ ಪ್ರವಾದಿಯೇ ಇವನೇ ಮುಂದಿನ ಅರಸ ಅಂದುಕೊಂಡ. ದೇವರು ತಡೆದರು: ಮನುಷ್ಯರು ನೋಡುವುದು ಹೊರಗಿನದನ್ನು, ತಾನು ನೋಡುವುದು ಹೃದಯವನ್ನು (1 ಸಮುವೇಲ 16:7). ಇಸ್ರಾಯೇಲಿನಲ್ಲಿ ಎಲ್ಲರಿಗಿಂತ ಎತ್ತರವಾಗಿದ್ದ ಸೌಲನ ಆಳ್ವಿಕೆ ಆಗಲೇ ಹದಗೆಟ್ಟಿತ್ತು. ಆದರೂ ಸಮುವೇಲನ ಕಣ್ಣು ಮತ್ತೆ ಎತ್ತರಕ್ಕೇ ಹೋಯಿತು! ಏಳು ಮಂದಿ ಹಾದುಹೋದ ಮೇಲೆ ಬಂದದ್ದು ಕುರಿ ಕಾಯುತ್ತಿದ್ದ ದಾವೀದ. ಅವನೂ ಸುಂದರನೇ ಎಂದು 12ನೇ ವಚನ ಹೇಳುತ್ತದೆ. ಅಂದರೆ ಚೆಲುವು ದೋಷವಲ್ಲ, ಆಯ್ಕೆಯ ಅಳತೆಗೋಲೂ ಅಲ್ಲ.

ಹೆಚ್ಚು ಎಡವುವುದು 1 ಪೇತ್ರ 3:3-4ರಲ್ಲಿ. ಹೊರಗಿನ ಅಲಂಕಾರಕ್ಕಿಂತ ಒಳಗಿನದು ಮುಖ್ಯ ಎನ್ನುವ ಈ ಮಾತನ್ನು, ಹೆಂಗಸರು ಒಡವೆ ತೊಡಬಾರದೆಂಬ ನಿಷೇಧವಾಗಿ ಓದುತ್ತಾರೆ. ಜಡೆ, ಚಿನ್ನದ ಜೊತೆ ಬಟ್ಟೆ ಧರಿಸುವುದೂ ಅದೇ ಸಾಲಿನಲ್ಲಿದೆ. ನಿಷೇಧವೆಂದರೆ ಬಟ್ಟೆಯೂ ಕೂಡದು! ಪೇತ್ರನ ಒತ್ತು ಇರುವುದು ಸಾತ್ವಿಕವಾದ ಶಾಂತ ಮನಸ್ಸಿನ ಮೇಲೆ. ಒಡವೆ ಬಿಚ್ಚಿಟ್ಟವರು ಬಿಚ್ಚಿಡದವರನ್ನು ಕೀಳಾಗಿ ಕಂಡರೆ, ಸರಳತೆಯೇ ಹೊಸ ಒಡವೆಯಾಗುತ್ತದೆ. ನನಗಂತೂ ಇದು ಚಿನ್ನಕ್ಕಿಂತ ಅಪಾಯಕರವೆನಿಸುತ್ತದೆ.

ಅಭ್ಯಾಸಕ್ಕೆ ಮತ್ತಾಯ 6 ಸಾಕು. ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಯೇಸು ಗುಟ್ಟಾಗಿಡಲು ಹೇಳುತ್ತಾರೆ. ಒಂದು ವಾರಕ್ಕೆ ಒಂದನ್ನೇ ಆರಿಸಿಕೊಳ್ಳಿ. ದಾನವಾದರೆ ಹೆಸರಿಲ್ಲದೆ ಕೊಡಿ, ಪ್ರಾರ್ಥನೆಯಾದರೆ ಬಾಗಿಲು ಮುಚ್ಚಿಕೊಳ್ಳಿ, ಉಪವಾಸವಾದರೆ ಮುಖ ತೊಳೆದು ಎಂದಿನಂತಿರಿ. ಮೂರನೆಯ ದಿನವೋ ನಾಲ್ಕನೆಯ ದಿನವೋ ಯಾರಿಗಾದರೂ ಹೇಳಬೇಕೆಂಬ ತುಡಿತ ಬರಬಹುದು. ಹತ್ತಿಕ್ಕುವ ಮೊದಲು, ಯಾರ ಮೆಚ್ಚುಗೆ ಬೇಕಿತ್ತೆಂದು ದೇವರ ಮುಂದೆ ಹೆಸರು ಹಿಡಿದು ಹೇಳಿಕೊಳ್ಳಿ.

ಸಭೆಗಾದರೆ ಯಾಕೋಬ 2:2-4. ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ, ಕೊಳಕು ಬಟ್ಟೆಯವನಿಗೆ ಕಾಲ ಬಳಿ ಜಾಗ: ಈ ಪಕ್ಷಪಾತವನ್ನೇ ಯಾಕೋಬ ಖಂಡಿಸುತ್ತಾನೆ. ಮುಂದಿನ ಭಾನುವಾರ ಮೊದಲ ಸಾಲಿನಲ್ಲಿ ಯಾರನ್ನು ಕೂರಿಸುತ್ತೀರಿ, ಗಮನಿಸಿ.