ರಾತ್ರಿ ಪ್ಲಗ್ ಕಿತ್ತರೆ ಬೆಳಿಗ್ಗೆ ಏಳದ ಕಂಪ್ಯೂಟರ್

ಆಲ್ದೂರಿನ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ಲೆಕ್ಕ ಬರೆಯುವ ರೈಟರ್. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕವೆಲ್ಲ ಇರುವುದು ಮನೆಯ ಕಂಪ್ಯೂಟರಿನಲ್ಲಿ. 2013ರಲ್ಲಿ ಬಿಡಿಭಾಗ ತಂದು ನಾನೇ ಜೋಡಿಸಿದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಹನ್ನೊಂದಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ನನ್ನ ಬೋರ್ಡಿನಲ್ಲಿ ಅದಿಲ್ಲ. ಅರೇಬಿಕಾ ಕೊಯ್ಲು ಶುರುವಾದರೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಹಾಗಾಗಿ ದೀಪಾವಳಿ ಮುಗಿದ ಭಾನುವಾರವೇ ಬಯಾಸ್‌ಗೆ, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಬೋರ್ಡಿನ ಮೂಲ ತಂತ್ರಾಂಶಕ್ಕೆ, ಹೋಗಿ ಎಬ್ಬಿಸುವ ಹಳೆಯ ವಿಧಾನವಾದ ಲೆಗಸಿಯನ್ನು ಹೊಸ ವಿಧಾನವಾದ ಯುಇಎಫ್‌ಐಗೆ ಬದಲಿಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದೆ. ದಿನವಿಡೀ ನಾಲ್ಕೈದು ಸಲ ರೀಸ್ಟಾರ್ಟ್ ಮಾಡಿದರೂ ತಕರಾರಿಲ್ಲ.

ಸೋಮವಾರ ಬೆಳಿಗ್ಗೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’.

ರ‍್ಯಾಮ್ ಕಿತ್ತು ಮಗಳ ರಬ್ಬರಿನಿಂದ ಉಜ್ಜಿದೆ. ನಮ್ಮ ಕಡೆ ಎಲ್ಲ ರೋಗಕ್ಕೂ ಅದೇ ಕಷಾಯ. ಕೇಬಲ್ ಬದಲಿಸಿದೆ. ಪೇಟೆಯ ಅಂಗಡಿಯವನು ಫೋನಿನಲ್ಲೇ ‘ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕಿಸಿ’ ಎಂದ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಎಬ್ಬಿಸಿ ನೋಡಿದರೆ ಆ ಎಸ್‌ಎಸ್‌ಡಿ ಡಿಸ್ಕಿನಲ್ಲಿ ಕಡತಗಳೆಲ್ಲ ಇದ್ದಲ್ಲೇ ಇವೆ. ಮತ್ತೊಮ್ಮೆ ಇನ್‌ಸ್ಟಾಲ್ ಮಾಡಲು ಹೊರಟೆ. ಬಯಾಸ್‌ನಲ್ಲಿ ನೋಡಿದರೆ ಮತ್ತೆ ಲೆಗಸಿ! ಯುಇಎಫ್‌ಐನಲ್ಲಿ ಹಾಕಿದ ಮಿಂಟ್ ಅದರಲ್ಲಿ ಏಳುವುದಿಲ್ಲ. ನಾನೇ ಉಳಿಸುವುದನ್ನು ಮರೆತಿರಬೇಕೆಂದು ಬದಲಿಸಿ ಎಫ್10 ಒತ್ತಿದೆ. ಇನ್‌ಸ್ಟಾಲ್‌ನ ಗೋಜೇ ಇಲ್ಲದೆ ಮಿಂಟ್ ಎದ್ದು ಕೂತಿತು. ಮಂಗಳವಾರ ಬೆಳಿಗ್ಗೆ ಮತ್ತದೇ ಸಾಲು.

ಹಗಲೆಲ್ಲ ಸರಿ, ಬೆಳಿಗ್ಗೆ ಮಾತ್ರ ಮುನಿಸು. ರಾತ್ರಿ ಏನಾಗುತ್ತದೆ?

‘ಅಮ್ಮಾ, ರಾತ್ರಿ ಕಂಪ್ಯೂಟರ್ ಹತ್ತಿರ ಹೋಗಿದ್ದೆಯಾ?’

‘ಮತ್ತೆ? ಸ್ವಾತಿ ಮಳೆ, ಆ ಪಾಟಿ ಗುಡುಗುತ್ತಿತ್ತು. ಪ್ಲಗ್ ಕಿತ್ತು ಮಲಗಿದೆ. ನಿನಗೆಲ್ಲಿ ಜ್ಞಾಪಕವಿರುತ್ತದೆ?’

ಪ್ಲಗ್ ಇರುವ ತನಕ ಬಯಾಸ್‌ನ ನೆನಪಿಗೂ ಗಡಿಯಾರಕ್ಕೂ ಗೋಡೆಯ ಕರೆಂಟೇ ಸಾಕು. ಅದು ಹೋದರೆ ಬೋರ್ಡಿನ ಮೇಲಿನ ಬಿಲ್ಲೆಯಂಥ ಸೆಲ್, ಸಿಆರ್2032, ಕಾಯಬೇಕು. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ಟಾರ್ಚ್ ಹಿಡಿದೆ. ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ, ಹನ್ನೆರಡು ವರ್ಷದ ಧೂಳಿನ ನಡುವೆ ಕೂತಿತ್ತು. ಅಂಚಿನಲ್ಲಿ ತಾಮ್ರದ ಚೊಂಬಿಗೆ ಹಿಡಿಯುವಂಥ ಹಸಿರು ಕಿಲುಬು. ಉಗುರಿನಿಂದ ಕೊಂಡಿ ಒತ್ತಿದೊಡನೆ ಚಂಗನೆ ಹಾರಿ ಮಂಚದಡಿ ಸೇರಿತು. ಹುಡುಕಿ ತಂದು, ಪಂಪಿನ ಮೋಟಾರು ನೋಡುವ ಮಲ್ಟಿಮೀಟರ್ ಇಟ್ಟೆ. 3 ವೋಲ್ಟ್ ಇರಬೇಕಾದಲ್ಲಿ 1.4.

ನಾಚಿಕೆಯ ಸಂಗತಿ ಬೇರೆಯಿದೆ. ವರ್ಷದಿಂದ ಪ್ರತಿ ಬೆಳಿಗ್ಗೆ ಈ ಯಂತ್ರ ‘ಎಫ್1 ಒತ್ತಿ’ ಎನ್ನುತ್ತಿತ್ತು, ನಾನು ಓದದೆಯೇ ಒತ್ತುತ್ತಿದ್ದೆ. ಆಗಲೂ ಬಯಾಸ್ ರಾತ್ರೋರಾತ್ರಿ ಎಲ್ಲ ಮರೆತು ಲೆಗಸಿಗೆ ಮರಳುತ್ತಿತ್ತು. ಹಳೆಯ ವಿಂಡೋಸ್ ಲೆಗಸಿಯಲ್ಲೇ ಇದ್ದುದರಿಂದ ಗೊತ್ತಾಗಲಿಲ್ಲ. ತಪ್ಪಿದ ತಾರೀಖನ್ನು ಇಂಟರ್ನೆಟ್ ತಿದ್ದುತ್ತಿತ್ತು. ನಾನೋ ಎರಡು ದಿನ ಲಿನಕ್ಸ್‌ಗೆ ಶಾಪ ಹಾಕಿದೆ.

ಎಂ.ಜಿ. ರಸ್ತೆಯ ವಾಚ್ ಅಂಗಡಿಯಲ್ಲಿ 40 ರೂಪಾಯಿಗೆ ಹೊಸ ಸೆಲ್ ಸಿಕ್ಕಿತು. ಹಾಕಿ, ಯುಇಎಫ್‌ಐ ಮಾಡಿ, ಬೇಕೆಂದೇ ಪ್ಲಗ್ ಕಿತ್ತು ಮಲಗಿದೆ. ಬೆಳಿಗ್ಗೆ ಗಡಿಯಾರ ಸಮೇತ ಎಲ್ಲ ಸರಿಯಿತ್ತು.

ಅಮ್ಮ ಕಾಫಿ ತಂದವಳು ಪರದೆ ನೋಡಿ, ‘ನಾನು ದಿನಾ ಪ್ಲಗ್ ಕೀಳುವುದಕ್ಕೆ ಉಳಿದುಕೊಂಡಿದೆ’ ಎಂದಳು.