ಅಡಿಕೆ ಕೇಸಲ್ಲಿ ಕೇಳಬಾರದಿದ್ದ ಒಂದು ಪ್ರಶ್ನೆ

ಘಟ್ಟದ ಮೇಲಿನ ಒಂದು ತಾಲೂಕು ಕೋರ್ಟಲ್ಲಿ ಜೂನಿಯರ್ ಆಗಿದೀನಿ. ನಮ್ ಕಡೆ ವಕೀಲಿಕೆ ಅಂದ್ರೆ ಗಡಿ ತಕರಾರು, ಬಗರ್‌ಹುಕುಂ, ಚೆಕ್ ಬೌನ್ಸು, ಅದು ಬಿಟ್ರೆ ಅಡಿಕೆ ಕಳ್ಳತನ. ಶಿವಮೊಗ್ಗ ಮಂಡೀಲಿ ರೇಟು ಏರಿದ್ರೆ ನಮ್ ಬೋರ್ಡಲ್ಲೂ ಕೇಸು ಏರುತ್ತೆ. ಇದೂ ಅಂಥದ್ದೇ ಒಂದು 457, 380, ಅಂದ್ರೆ ರಾತ್ರಿ ಕದ್ದು ಒಳನುಗ್ಗಿದ್ದು, ಕಟ್ಟಡದೊಳಗೆ ಕಳ್ಳತನ ಮಾಡಿದ್ದು. 2024ರ ಜುಲೈ 1ಕ್ಕಿಂತ ಮುಂಚಿನ ಕೇಸು, ಹಾಗಾಗಿ ಹಳೇ ಐಪಿಸಿ, ಹಳೇ ಎವಿಡೆನ್ಸ್ ಆಕ್ಟೇ ನಡೀತಿತ್ತು.

ಗೋದಾಮಿಂದ ರಾಶಿ ಇಡಿ (ಅಡಿಕೆಯ ಒಂದು ದರ್ಜೆ) ಚೀಲ ಹೋಗಿದಾವೆ, ಆಮೇಲೆ ನಮ್ ಪಾರ್ಟಿ ಕೊಟ್ಟಿಗೇಲಿ ಚೀಲ ಸಿಕ್ಕಿದಾವೆ. ಅವ್ನು ಕೊನೆಕೊಯ್ಲಿಗೆ ಹೋಗೋ ಹುಡುಗ, ಆ ವರ್ಷ ಒಂದು ಸಣ್ಣ ತೋಟ ಚೇಣಿಗೆ (ಫಸಲಿನ ಗುತ್ತಿಗೆಗೆ) ಹಿಡಿದಿದ್ದೆ, ಅದ್ರದ್ದೇ ಅಡಿಕೆ ಅಂತಾನೆ. ಚಾರ್ಜ್‌ಶೀಟಲ್ಲಿ ಎಂದಿನ ಹಾಗೆ ‘ಸ್ವ-ಇಚ್ಛಾ ಹೇಳಿಕೆ’ ಇತ್ತು. ಪೊಲೀಸರ ಮುಂದೆ ಒಪ್ಕೊಂಡಿದ್ದಕ್ಕೆ ಎವಿಡೆನ್ಸ್ ಆಕ್ಟ್ ಸೆಕ್ಷನ್ 25ರಲ್ಲಿ ಬೆಲೆ ಇಲ್ಲ, 27ರಲ್ಲಿ ಮಾಲು ಸಿಕ್ಕಿದ ಮಟ್ಟಿಗೆ ಮಾತ್ರ ನಡಿಯುತ್ತೆ. ಆದ್ರೆ ಊರಲ್ಲಿ ಈ 25 ಯಾರಿಗೆ ಬೇಕು, "ಒಪ್ಕಂಡಿದಾನಂತೆ" ಅಂದ್ರೆ ಅಲ್ಲಿಗೆ ಮುಗೀತು.

ಪಿಡಬ್ಲ್ಯೂ-1, ಅಂದ್ರೆ ಪ್ರಾಸಿಕ್ಯೂಷನ್ನಿನ ಮೊದಲ ಸಾಕ್ಷಿಯ ಕ್ರಾಸ್ (ಪಾಟೀಸವಾಲು) ನನ್ನ ಕೈಗೆ ಬಂತು, ಸೀನಿಯರ್ ಪಕ್ಕದಲ್ಲೇ ಕೂತಿದ್ರು. ಫಿರ್ಯಾದಿ ವಯಸ್ಸಾದ ತೋಟದ ಯಜಮಾನ್ರು, ಒಳ್ಳೇ ಮನುಷ್ಯ. ಶುರು ಚೆನ್ನಾಗೇ ಆಯ್ತು. ‘ಒಣಗಿದ ಅಡಿಕೆ ಎಲ್ಲರದ್ದೂ ನೋಡಲು ಒಂದೇ ರೀತಿ ಇರುತ್ತದೆ ಎಂದರೆ ಸರಿ. ಚೀಲದ ಮೇಲೆ ಯಾವುದೇ ಗುರುತು ಬರೆದಿರಲಿಲ್ಲ ಎಂದರೆ ಸರಿ.’ ಟೈಪಿಸ್ಟ್ ಎರಡನ್ನೂ ಹೊಡೆದಾಯ್ತು. ಅಲ್ಲಿಗೆ ಕೂತಿದ್ರೆ ಕೆಲಸ ಆಗಿತ್ತು, ಸೀನಿಯರ್ ಗೌನ್ ಕೂಡ ಎಳೆದ್ರು. ನನಗೆ ಮಾತ್ರ ಸಮಾಧಾನ ಇಲ್ಲ, ಈ ಅಡಿಕೆ ಹುಡುಗನದ್ದೇ ಅಂತ ಈಗಲೇ ಇಲ್ಲೇ ಇವರ ಬಾಯಲ್ಲೇ ಪ್ರೂವ್ ಮಾಡಿಬಿಡಬೇಕು ಅಂತ ತಲೇಲಿ ಹೊಕ್ಕಿತ್ತು. ಪ್ರೂವ್ ಮಾಡೋ ಕೆಲಸ ನಂದಲ್ಲವೇ ಅಲ್ಲ, ಅದು ಪ್ರಾಸಿಕ್ಯೂಷನ್ನಿನ ತಲೆನೋವು, ಲಾ ಕಾಲೇಜಲ್ಲಿ ಇದನ್ನೇ ಬರೆದು ಪಾಸಾಗಿದ್ದೆ. ಆದ್ರೂ ಕೇಳ್ದೆ: "ಹಂಗಾದ್ರೆ ಇದು ನಿಮ್ಮದೇ ಚೀಲ ಅಂತ ಹೆಂಗೆ ಹೇಳ್ತೀರಿ?"

"ಎಂತ ಸ್ವಾಮಿ, ಚೀಲದ ಬಾಯಿ ಹೊಲಿದಿದ್ದು ನಮ್ಮನೆಯವಳ ಹಳೇ ಸೀರೆ ಅಂಚಲ್ಲಿ. ಹಸಿರು ಅಂಚು. ನಾನೇ ಕೂತ್ಕಂಡು ಹೊಲಿದಿದ್ದು."

ಅಲ್ಲಿವರೆಗೆ ಮೊಬೈಲ್ ನೋಡ್ತಿದ್ದ ಎಪಿಪಿ (ಸರ್ಕಾರಿ ವಕೀಲರು) ತಲೆ ಎತ್ತಿದ್ರು. ಜಡ್ಜ್ ಸಾಹೇಬ್ರು ಪೆನ್ ಹಿಡ್ಕೊಂಡ್ರು. ಕಟಕಟೇಲಿ ನಿಂತಿದ್ದ ನಮ್ಮ ಹುಡುಗ ನನ್ನನ್ನೇ ನೋಡ್ತಿದಾನೆ. ಹೊರಗೆ ಮಳೆ ಶೀಟಿನ ಮೇಲೆ ಬಡೀತಿತ್ತು, ಅದನ್ನ ಬಿಟ್ರೆ ಹಾಲಲ್ಲಿ ಉಸಿರಿಲ್ಲ. ನಾಲಿಗೆ ಒಣಗಿ ಹೋಯ್ತು ಮಾರ್ರೆ. "ಒಮಿಷನ್ ಹಾಕೋ" ಅಂತ ಸೀನಿಯರ್ ಹಲ್ಲು ಕಚ್ಚಿಕೊಂಡು ಹೇಳಿದ್ದು ಕೇಳಿಸಿತು, ಅಂದ್ರೆ ಪೊಲೀಸರಿಗೆ ಹೇಳದೆ ಬಿಟ್ಟಿದ್ದನ್ನ ರೆಕಾರ್ಡ್ ಮಾಡಿಸು ಅಂತ, ಆದ್ರೆ 161 ಹೇಳಿಕೆ (ಪೊಲೀಸರು ಬರ್ಕೊಂಡ ಸಾಕ್ಷಿ ಹೇಳಿಕೆ) ಪುಟ ಕೈಗೆ ಸಿಗ್ತಿಲ್ಲ. ಝೆರಾಕ್ಸ್ ಕಾಪಿ, ಪುಟ ಸಂಖ್ಯೆ ಇಲ್ಲ, ಅರ್ಧ ಅಕ್ಷರ ಕಪ್ಪು ಮಸಿ, ಇದನ್ನೇ ನಮಗೆ ಚಾರ್ಜ್‌ಶೀಟ್ ಅಂತ ಕೊಡೋದು. ಕೊನೆಗೆ ಸಿಕ್ತು. ಸೀರೆ ಇಲ್ಲ, ಅಂಚೂ ಇಲ್ಲ. ಫಿರ್ಯಾದಿಲೂ ಇಲ್ಲ, ಮಹಜರಲ್ಲಿ ಬರೀ ‘ಗೋಣಿಚೀಲ’. ‘ಸೀರೆ ಅಂಚಿನ ವಿಚಾರ ಪೊಲೀಸರ ಮುಂದೆ ಹೇಳಿಲ್ಲ ಎಂದರೆ ಸರಿಯಲ್ಲ’ ಅಂತ ರೆಕಾರ್ಡ್ ಮಾಡಿಸಿದೆ, ಐಓ (ತನಿಖಾಧಿಕಾರಿ) ಬಂದಾಗ ಅವರ ಬಾಯಲ್ಲಿ ‘ಹೇಳಿಲ್ಲ’ ಅನ್ಸೋದು ಬಾಕಿ.

ಚೀಲ ನೋಡೋಣ ಅಂದ್ರೆ ಚೀಲ ಎಲ್ಲಿ? ಅಡಿಕೆ ಹಾಳಾಗುತ್ತೆ ಅಂತ ಕೇಸು ಮುಗಿಯೋ ಮುಂಚೆನೇ ಇಂಟೀರಿಮ್ ಕಸ್ಟಡೀಲಿ ಬಾಂಡ್ ಬರೆಸ್ಕೊಂಡು ಫಿರ್ಯಾದಿಗೇ ಬಿಟ್ಟಾಗಿತ್ತು, ಅದು ಮಾರಾಟ ಆಗಿ ಎಷ್ಟೋ ಕಾಲ ಆಗಿತ್ತು. ಕೋರ್ಟಲ್ಲಿದ್ದದ್ದು ಒಂದು ಸೀಲ್ ಮಾಡಿದ ಪೊಟ್ಟಣ ಅಡಿಕೆ, ಮತ್ತೆ ಫೋಟೋ. ಸಾಹೇಬ್ರು ಫೋಟೋ ಕೊಡಿ ಅಂದ್ರು. ಬೆಂಚ್ ಕ್ಲರ್ಕ್ ಹುಡುಕೋ ಅಷ್ಟು ಹೊತ್ತು ನಾನು ಮನಸ್ಸಲ್ಲಿ ಹರಕೆ ಹೊತ್ತಿದ್ದು ಸಿಗಂದೂರಮ್ಮನಿಗೇ ಗೊತ್ತು. ಫೋಟೋ ಬಂತು. ಸಾಲಾಗಿ ಚೀಲ, ಚೀಲದ ಮುಂದೆ ಸಾಲಾಗಿ ಪೊಲೀಸರು, ಪೇಪರಿಗೆ ಕೊಡೋ ಫೋಟೋ ಇರ್ತದಲ್ಲ, ಹಾಗೆ. ಅವರೆಲ್ಲ ಚೀಲದ ಬಾಯಿಗೇ ಅಡ್ಡ ನಿಂತಿದ್ರು, ಒಂದು ಅಂಚೂ ಕಾಣಲ್ಲ. ಸಾಹೇಬ್ರು ಕನ್ನಡಕ ತೆಗೆದು ನೋಡಿ, ಮತ್ತೆ ಹಾಕ್ಕೊಂಡು ನೋಡಿ ವಾಪಸ್ ಕೊಟ್ರು.

ಚೇಂಬರಲ್ಲಿ ಬೈಗುಳ ಆಯ್ತು, ಅದು ಇಲ್ಲಿ ಬೇಡ. ಆಮೇಲೆ ಚಹಾ ಕುಡಿತಾ ಸೀನಿಯರ್ ವೂಲ್ಮಿಂಗ್ಟನ್ ಕಥೆ ಹೇಳಿದ್ರು. 1935ರ ಇಂಗ್ಲೆಂಡ್ ಕೇಸು, ಅವನೂ ಹೊಲಗೆಲಸದ ಹುಡುಗನೇ, ವಯಸ್ಸು 21, ಹೆಂಡತಿಗೆ ಗುಂಡು ತಗುಲಿ ಸತ್ತಿದ್ಲು. ಅದು ಆಕಸ್ಮಿಕ ಅಂತ ಅವನೇ ತೋರಿಸಬೇಕು ಅನ್ನೋ ಹಾಗೆ ಕೆಳಗಿನ ಜಡ್ಜು ಜ್ಯೂರಿಗೆ ಹೇಳಿದ್ರು, ಗಲ್ಲು ಶಿಕ್ಷೆ ಆಗಿತ್ತು. ಹೌಸ್ ಆಫ್ ಲಾರ್ಡ್ಸ್ ಅದನ್ನ ರದ್ದು ಮಾಡ್ತು, ಅಪರಾಧ ಸಾಬೀತು ಮಾಡೋ ಹೊಣೆ ಪ್ರಾಸಿಕ್ಯೂಷನ್ನಿಂದೇ ಅಂತ ಲಾರ್ಡ್ ಸ್ಯಾಂಕಿ ಬರೆದ್ರು. "ಅಷ್ಟು ದೊಡ್ಡ ಕೋರ್ಟು ಆರೋಪಿ ತಲೆಯಿಂದ ಇಳಿಸಿದ ಭಾರಾನ ನೀನು ಒಂದೇ ಪ್ರಶ್ನೇಲಿ ವಾಪಸ್ ಹೊರಿಸಿದೆ" ಅಂದ್ರು.

ಆರ್ಗ್ಯುಮೆಂಟಲ್ಲಿ ಎಪಿಪಿ ಎವಿಡೆನ್ಸ್ ಆಕ್ಟ್ 114ರ ಇಲಸ್ಟ್ರೇಷನ್ (ಎ) ಹಿಡ್ಕೊಂಡ್ರು. ಕಳವಾದ ಸ್ವಲ್ಪದರಲ್ಲೇ ಮಾಲು ಯಾರ ಹತ್ರ ಸಿಗುತ್ತೋ, ಅವನು ಸರಿಯಾದ ವಿವರಣೆ ಕೊಡದಿದ್ರೆ ಕಳ್ಳ ಅಂತಲೋ ಕದ್ದ ಮಾಲು ಇಟ್ಕೊಂಡವನು ಅಂತಲೋ ಕೋರ್ಟು ಊಹಿಸಬಹುದು. ಊಹಿಸಬಹುದು, ಊಹಿಸಲೇಬೇಕು ಅಂತಿಲ್ಲ. ಅದಕ್ಕೂ ಮೊದಲು ಕೊಟ್ಟಿಗೇಲಿ ಸಿಕ್ಕಿದ್ದು ಕಳವಾದ ಅಡಿಕೆನೇ ಅಂತ ಸಾಬೀತಾಗಬೇಕು, ಅದೇ ಇಲ್ಲಿ ನಿಲ್ಲಲ್ಲ ಅಂದ್ರು ನಮ್ ಸೀನಿಯರ್. ಪಂಚರು (ಮಹಜರ್ ಸಾಕ್ಷಿಗಳು) ಸ್ಟೇಷನ್ನಲ್ಲೇ ಸಹಿ ಹಾಕಿದ್ದು ಅಂತ ಹೇಳಿ ಹಾಸ್ಟೈಲ್ ಆಗಿದ್ರು, ಅಂದ್ರೆ ತಿರುಗಿಬಿದ್ದಿದ್ರು, ಐಓ ಒಮಿಷನ್ ಒಪ್ಪಿದ್ರು. ಎರಡು ಅಭಿಪ್ರಾಯಕ್ಕೆ ಜಾಗ ಇದ್ರೆ ಆರೋಪಿ ಕಡೆಗಿರೋದನ್ನೇ ತಗೋಬೇಕು ಅನ್ನೋ 1973ರ ಕಾಳಿರಾಮ್ ತೀರ್ಪು ಕೊಟ್ವಿ. ಬಿಡುಗಡೆ ಆಯ್ತು, ಸಂಶಯದ ಲಾಭ ಅಂತ.

ಆ ಯಜಮಾನ್ರು ಸುಳ್ಳು ಹೇಳಿದ್ರು ಅಂತ ನಂಗೆ ಇವತ್ತಿಗೂ ಅನ್ಸಲ್ಲ. ಹುಡುಗ ಕದ್ದ ಅಂತಲೂ ಹೇಳಕ್ಕಾಗಲ್ಲ. ನಂಗೆ ಏನನ್ಸುತ್ತೆ ಅನ್ನೋದು ಕೇಸಿಗೆ ಬೇಕಾಗೇ ಇಲ್ಲ ಅನ್ನೋದು ಅರಗಿಸ್ಕೊಳ್ಳೋಕೆ ಟೈಮ್ ಹಿಡೀತು, ಈಗ ಕ್ರಾಸ್ ನೋಟ್ಸಲ್ಲಿ ‘ಹೆಂಗೆ’, ‘ಯಾಕೆ’ ಅಂತ ಶುರುವಾಗೋ ಪ್ರಶ್ನೆ ಇದ್ರೆ ಹೊಡೆದು ಹಾಕ್ತೀನಿ.

ಹುಡುಗ ಮೊನ್ನೆ ಸರ್ಟಿಫೈಡ್ ಕಾಪಿ ಹಿಡ್ಕೊಂಡು ಬಂದಿದ್ದ, ಕೊನೆಕೊಯ್ಲಿಗೆ ಊರಲ್ಲಿ ಯಾರೂ ಕರೀತಿಲ್ಲವಂತೆ. "ಸಾರ್, ಇದ್ರಲ್ಲಿ ನಾನು ಕದ್ದಿಲ್ಲ ಅಂತ ಎಲ್ಲಿ ಬರ್ದಿದೆ?" ಅಂದ. ಹಾಗೆ ಬರೆಯಲ್ಲ ಮಾರಾಯ, ಕದ್ದೆ ಅಂತ ಅವ್ರಿಗೆ ತೋರ್ಸಕ್ಕಾಗ್ಲಿಲ್ಲ ಅಂತ ಮಾತ್ರ ಬರೆಯೋದು ಅಂದೆ. ಅದನ್ನೇ ದೊಡ್ಡ ಅಕ್ಷರದಲ್ಲಿ ಝೆರಾಕ್ಸ್ ಹೊಡಿಸಿಕೊಡಿ ಅಂದ.