ಯಾರ ಜೊತೆ ಕೂತು ನೋಡ್ತೀರಾ?

ಸೋಮವಾರ ಮಧ್ಯಾಹ್ನ ಕೇಳಿಸಿಕೊಂಡ ಒಂದು ಪ್ರಶ್ನೆ ಈ ವಾರ ಪೂರ್ತಿ ನನ್ನ ಬೆನ್ನು ಬಿಟ್ಟಿಲ್ಲ.

"ಸರ್, ನೀವು ಯಾರ ಜೊತೆ ಕೂತು ನೋಡ್ತೀರಾ?"

ಕೇಳಿದ್ದು ನನ್ನನ್ನಲ್ಲ, ನಮ್ಮ ಆಫೀಸಿನ ಹಿರಿಯ ಅಕೌಂಟೆಂಟ್ ಸರ್ ಅವರನ್ನು. ಕೇಳಿದವಳು ಸಿಎ ತರಬೇತಿಯ ಆರ್ಟಿಕಲ್‌ಶಿಪ್‌ಗೆ ಸೇರಿರುವ ಹುಡುಗಿ. ಅವಳು ಬಾಯಿ ಬಿಡುವುದೇ ಅಪರೂಪ. ಇಷ್ಟು ಕೇಳಿ, ಉತ್ತರಕ್ಕೆ ಕಾಯುತ್ತಾ ಡಬ್ಬಿಯ ಚಿತ್ರಾನ್ನ ಕಲಸುತ್ತಾ ಕೂತಳು.

ನಮ್ಮ ಊಟದ ಮೇಜಿನಲ್ಲಿ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಕಥೆಗಳು, ಬಿಟ್ಟರೆ ಬೇರೆ ಮಾತೇ ಇಲ್ಲ. ಯಾರು ಎಷ್ಟನೇ ಎಪಿಸೋಡಿನಲ್ಲಿದ್ದಾರೆ, ಯಾವುದರ ಕೊನೆ ಕೆಟ್ಟಿತು, ಯಾವುದನ್ನು ಮೂರು ಎಪಿಸೋಡಿಗೇ ಬಿಡಬಹುದು. ಜಿಎಸ್‌ಟಿ ರಿಟರ್ನ್ಸ್ ತಲೆ ತಿನ್ನುವ ದಿನಗಳಲ್ಲೂ ಆ ಅರ್ಧ ಗಂಟೆ ನಮ್ಮದೇ. ಸರ್ ಪಕ್ಕದ ಮೇಜಿನಲ್ಲಿ ಕೂತು ಮೊಸರನ್ನ ತಿನ್ನುತ್ತಾ ಕೇಳಿಸಿಕೊಳ್ಳುತ್ತಿದ್ದರು ಅಷ್ಟೆ. ಸೋಮವಾರ ಅವರೇ ಎದ್ದು ಬಂದರು. "ದಿನಾ ಅದೇನ್ ಜಗಳ ಆಡ್ತೀರ್ರೋ? ನೋಡೋಣ, ನಂಗೂ ಒಂದು ಹೇಳಿ" ಅಂದರು.

ನಮ್ಮ ಟ್ಯಾಕ್ಸ್ ಸೆಕ್ಷನ್ನಿನ ಹುಡುಗನಿಗೆ ಅಷ್ಟೇ ಸಾಕಿತ್ತು. ಒಳ್ಳೆಯವನು. ಯಾರಿಗೆ ಏನು ಬೇಕಾದರೂ ಓಡಿ ಬರುತ್ತಾನೆ. ಆದರೆ ಅವನಿಗೆ ಎಲ್ಲದಕ್ಕೂ ಹತ್ತಕ್ಕೆ ಎಷ್ಟು ಅಂತ ಅಂಕ ಕೊಡಬೇಕು. ಕೊಟ್ಟ ಅಂಕವನ್ನು ಎಲ್ಲರೂ ಒಪ್ಪಬೇಕು. "ಸರ್, ಅಟ್ಯಾಕ್ ಆನ್ ಟೈಟನ್ ನೋಡ್ಲೇಬೇಕು. ಆಮೇಲೆ ಫುಲ್‌ಮೆಟಲ್ ಆಲ್ಕೆಮಿಸ್ಟ್. ಆಮೇಲೆ ಡೀಮನ್ ಸ್ಲೇಯರ್. ಇವು ಮೂರು ಮುಗಿಸಿ, ಮುಂದಿಂದು ಆಮೇಲೆ ಹೇಳ್ತೀನಿ" ಅಂದ. ಸರ್ ಪಾಪ, ಜೇಬಿನಿಂದ ಪೆನ್ನು ತೆಗೆದು ಹಳೇ ವೋಚರ್ ಒಂದರ ಹಿಂದೆ ಬರೆದುಕೊಳ್ಳಲು ಶುರು ಮಾಡಿದರು.

ಆಗ ಬಂತು ಆ ಪ್ರಶ್ನೆ. ಯಾರ ಜೊತೆ ಕೂತು ನೋಡ್ತೀರಾ?

"ಅಮ್ಮನ ಜೊತೆ ಕಣಮ್ಮ" ಅಂದರು ಸರ್. "ರಾತ್ರಿ ಊಟ ಆದ್ಮೇಲೆ ಒಂದರ್ಧ ಗಂಟೆ ಇಬ್ರೂ ಕೂತ್ಕೋತೀವಿ. ಅಮ್ಮ ಸೀರಿಯಲ್ ನೋಡೋದು ಬಿಟ್ಬಿಟ್ರು. ಬರೀ ಅತ್ತೆ ಸೊಸೆ ವಿಷ ಹಾಕೋದೇ ಆಯ್ತು, ಬೇಡ ಕಣೋ ಅಂದ್ರು. ಈಗ ಇಬ್ರೂ ಸುಮ್ನೆ ಗೋಡೆ ನೋಡ್ತಾ ಕೂರ್ತೀವಿ."

"ಅಮ್ಮಂಗೆ ಇಂಗ್ಲಿಷ್ ಸಬ್‌ಟೈಟಲ್ ಓದೋಕಾಗುತ್ತಾ?"

"ಕನ್ನಡ ಚೆನ್ನಾಗಿ ಓದ್ತಾರೆ. ಇಂಗ್ಲಿಷ್ ಇಲ್ಲ."

ಇಷ್ಟು ವರ್ಷ ಅವರ ಪಕ್ಕದಲ್ಲೇ ಕೂತು ಊಟ ಮಾಡಿದ್ದೇವೆ. ಅವರ ಮನೆಯ ಸಂಜೆ ಹೇಗಿರುತ್ತದೆ ಅಂತ ಆವತ್ತೇ ನಮಗೆ ಗೊತ್ತಾಗಿದ್ದು. ಎರಡೇ ಪ್ರಶ್ನೆ ಸಾಕಾಯಿತು.

ಹುಡುಗಿ ಆ ಪಟ್ಟಿ ನೋಡಿ ತಲೆಯಾಡಿಸಿದಳು. "ಇದರಲ್ಲಿ ಎಲ್ಲಾ ಕಡೆ ಅಮ್ಮ ಸಾಯ್ತಾರೆ" ಅಂದಳು. ನಾವು ಲೆಕ್ಕ ಹಾಕಿ ನೋಡಿದೆವು. ಹೌದು! ಟೈಟನ್‌ನ ಮೊದಲ ಎಪಿಸೋಡಿನಲ್ಲೇ ಕಥಾನಾಯಕ ಎರೆನ್ ಕಣ್ಣೆದುರು ಅವನ ತಾಯಿಯನ್ನು ರಾಕ್ಷಸ ತಿನ್ನುತ್ತಾನೆ. ಡೀಮನ್ ಸ್ಲೇಯರ್‌ನ ತಂಜಿರೋ ಇದ್ದಿಲು ಮಾರಿ ಮನೆಗೆ ಬರುವಷ್ಟರಲ್ಲಿ ತಾಯಿ, ತಮ್ಮಂದಿರು, ತಂಗಿ ಹೆಣವಾಗಿ ಬಿದ್ದಿರುತ್ತಾರೆ. ಉಳಿದ ಒಬ್ಬ ತಂಗಿ ರಾಕ್ಷಸಿಯಾಗಿರುತ್ತಾಳೆ. ಫುಲ್‌ಮೆಟಲ್‌ನಲ್ಲಿ ಸತ್ತ ತಾಯಿಯನ್ನು ಬದುಕಿಸಲು ಹೋಗಿ ಅಣ್ಣ ಕೈಕಾಲು ಕಳೆದುಕೊಂಡರೆ ತಮ್ಮ ಇಡೀ ದೇಹವನ್ನೇ ಕಳೆದುಕೊಳ್ಳುತ್ತಾನೆ. ಪಟ್ಟಿಯಲ್ಲಿಲ್ಲದ ನರುಟೊ ಅನ್ನುವ ಅನಿಮೆಯಲ್ಲೂ ನಾಯಕ ಹುಟ್ಟಿದ ದಿನವೇ ತಂದೆ ತಾಯಿ ಇಬ್ಬರೂ ಇಲ್ಲ. ನನಗೆ ಪ್ರಾಣವಾದ ಮಾರ್ಚ್ ಕಮ್ಸ್ ಇನ್ ಲೈಕ್ ಎ ಲಯನ್‌ನಲ್ಲೂ ಶೋಗಿ ಅನ್ನುವ ಜಪಾನಿ ಚದುರಂಗ ಆಡುವ ಹುಡುಗನ ಮನೆಯವರು ಅಪಘಾತದಲ್ಲಿ ಹೋಗಿರುತ್ತಾರೆ. ಅವನಿಗೆ ಅನ್ನ ಹಾಕುವ ಅಕ್ಕತಂಗಿಯರಿಗೂ ತಾಯಿಲ್ಲ. ಇಷ್ಟು ವರ್ಷದಿಂದ ನೋಡುತ್ತಿದ್ದೇನೆ, ಇದನ್ನು ಹೀಗೆ ಒಟ್ಟಿಗೆ ಇಟ್ಟು ನೋಡಿದ್ದು ಇದೇ ಮೊದಲು. ಕಥೆ ಮುಂದೆ ಓಡಬೇಕಾದರೆ ಮನೆಯೊಳಗಿನ ದೀಪ ಆರಬೇಕು ಅಂತ ಬರೆಯುವವರು ತೀರ್ಮಾನ ಮಾಡಿಬಿಟ್ಟಿದ್ದಾರೋ ಏನೋ. ನಮಗೆ ಅದು ಕಥೆ. ವಯಸ್ಸಾದ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ ಮಗನಿಗೆ ಅದು ಬೇರೆಯದೇ ಥರ ಕಾಣುತ್ತದೆ, ಅಲ್ವಾ?

"ಬರಕಾಮೊನ್ ನೋಡಿ ಸರ್" ಅಂದಳು ಹುಡುಗಿ. "12 ಎಪಿಸೋಡ್ ಅಷ್ಟೆ. ಯಾರೂ ಸಾಯಲ್ಲ."

"ಅದ್ರಲ್ಲಿ ಏನೂ ಆಗಲ್ಲ ಸರ್" ಅಂತ ನಮ್ಮ ಹುಡುಗ ಎಚ್ಚರಿಕೆ ಕೊಟ್ಟ. ಅವನ ಲೆಕ್ಕದಲ್ಲಿ ಅದಕ್ಕೆ ಹತ್ತಕ್ಕೆ ಆರು.

"ಏನೂ ಆಗದೇ ಇರೋದೇ ಬೇಕಪ್ಪ ನಮ್ಗೆ" ಅಂದರು ಸರ್.

ಬರಕಾಮೊನ್ 2014ರದ್ದು. ಹಂಡಾ ಅಂತ ಒಬ್ಬ ಯುವಕ, ಕುಂಚದಲ್ಲಿ ಅಕ್ಷರ ಬರೆಯುವ ಕಲಾವಿದ. ನಿನ್ನ ಬರಹ ಪುಸ್ತಕ ನೋಡಿ ಬರೆದ ಹಾಗಿದೆ ಅಂದ ಹಿರಿಯರೊಬ್ಬರ ಮುಖಕ್ಕೆ ಗುದ್ದಿಬಿಡುತ್ತಾನೆ. ಸ್ವಲ್ಪ ಬುದ್ಧಿ ಕಲಿತು ಬಾ ಅಂತ ಅಪ್ಪ ಅವನನ್ನು ಟೋಕಿಯೊದಿಂದ ದೂರದ ಗೊಟೊ ದ್ವೀಪಕ್ಕೆ ಕಳಿಸುತ್ತಾನೆ. ಅಲ್ಲಿ ಅವನಿಗೆ ಸಿಕ್ಕ ಮನೆ ಊರ ಮಕ್ಕಳ ಅಡ್ಡೆ. ನರು ಅನ್ನುವ ಪುಟ್ಟ ಹುಡುಗಿಯಂತೂ ಬಾಗಿಲು ತಟ್ಟುವುದೇ ಇಲ್ಲ. ಇಷ್ಟೇ ಕಥೆ. ಬರೆದ ಸತ್ಸುಕಿ ಯೊಶಿನೊ ಅದೇ ಗೊಟೊ ದ್ವೀಪದವರು. ಅದಕ್ಕೇ ಇರಬೇಕು, ಆ ಊರಿನ ಜಗಲಿ, ಸಮುದ್ರದ ಗೋಡೆ, ಅಂಗಡಿ ಯಾವುದೂ ಪ್ರವಾಸಕ್ಕೆ ಹೋದವರು ಕಂಡ ಹಾಗೆ ಕಾಣುವುದಿಲ್ಲ.

ಹುಡುಗಿ ಸರ್ ಫೋನಿನಲ್ಲಿ ಬೇಕಾದದ್ದನ್ನೆಲ್ಲ ತಾನೇ ಹಾಕಿಕೊಟ್ಟಳು. ಟಿವಿಗೆ ಹೇಗೆ ಜೋಡಿಸಬೇಕು ಅಂತ ಅದೇ ವೋಚರ್ ಹಿಂದೆ ಬರೆದುಕೊಟ್ಟಳು. ಹುಡುಗನ ಪಟ್ಟಿಯ ಕೆಳಗೆ ಗುಂಡು ಗುಂಡಾದ ಕನ್ನಡ ಅಕ್ಷರದಲ್ಲಿ: ಮೊದಲು ರಿಮೋಟಿನ ಸೋರ್ಸ್ ಬಟನ್ ಒತ್ತಿ.

ಮಂಗಳವಾರ ಸರ್ ಬಂದವರೇ ಬ್ಯಾಗು ಇಡುವ ಮೊದಲೇ ಶುರು ಮಾಡಿದರು. ಇಂಗ್ಲಿಷ್ ಸಾಲು ಬಂದ ಹಾಗೆಲ್ಲ ನಿಲ್ಲಿಸಿ, ಅದನ್ನು ಕನ್ನಡದಲ್ಲಿ ಅಮ್ಮನಿಗೆ ಹೇಳಿ, ಮತ್ತೆ ಓಡಿಸಿದ್ದಾರೆ. ಹಂಡಾ ಗುದ್ದಿದ್ದು, ದ್ವೀಪಕ್ಕೆ ಬಂದದ್ದು, ಎಲ್ಲ ಹೇಳಿದ್ದಾರೆ. ನರು ಬಂದು ಪಟಪಟ ಮಾತಾಡಲು ಶುರು ಮಾಡಿದಾಗ ಇವರು ಮತ್ತೆ ನಿಲ್ಲಿಸಲು ಹೋಗಿದ್ದಾರೆ. ಅಮ್ಮ ಇವರ ಕೈ ಹಿಡಿದುಕೊಂಡರಂತೆ.

"ನೀನ್ ಸುಮ್ನಿರೋ. ಆ ಮಗು ಏನ್ ಹೇಳ್ತಿದೆ ಅಂತ ನಂಗೆ ಗೊತ್ತಾಗುತ್ತೆ."

ಇದನ್ನು ಹೇಳುವಾಗ ಸರ್ ಮುಖದಲ್ಲಿದ್ದ ಬೆರಗು ನಾನು ನೋಡಿದೆ. ಆಮೇಲೆ ಅಮ್ಮ ಇನ್ನೊಂದು ಮಾತು ಹೇಳಿದ್ದಾರೆ. "ಇದು ದೊಡ್ಡೋರು ಮಗುವಿನ ಥರ ಮಾತಾಡಿದ್ದಲ್ಲ, ನಿಜವಾಗ್ಲೂ ಮಗೂದೇ ದನಿ." ಕೇಳಿ ನನಗೆ ಮೈ ಜುಮ್ಮೆಂದಿತು. ಅನಿಮೆಯಲ್ಲಿ ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ದೊಡ್ಡ ಹೆಂಗಸರೇ ದನಿ ಕೊಡುತ್ತಾರೆ. ನರುಗೆ ಮಾತ್ರ ಸುಜುಕೊ ಹಾರಾ ಅನ್ನುವ ಬಾಲನಟಿಯೇ ದನಿ ಕೊಟ್ಟಿದ್ದು. ಈ ಸಂಗತಿ ನಾನು ಎಲ್ಲೋ ಓದಿ ತಿಳಿದುಕೊಂಡಿದ್ದೆ. ಜಪಾನಿ ಭಾಷೆಯ ಒಂದಕ್ಷರ ಗೊತ್ತಿಲ್ಲದ ಅಮ್ಮ ಕುರ್ಚಿಯಲ್ಲಿ ಕೂತು ಬರೀ ಕಿವಿಯಿಂದ ಹಿಡಿದುಬಿಟ್ಟರು. ಮಕ್ಕಳು, ಮೊಮ್ಮಕ್ಕಳು ಅಂತ ಎಷ್ಟು ದನಿ ಕೇಳಿರಬೇಕು ಆ ಕಿವಿ.

ಅವರ ಅಭಿಪ್ರಾಯಗಳು ಆಮೇಲೆ ದಿನಾ ಸರ್ ಮೂಲಕ ನಮ್ಮ ಮೇಜಿಗೆ ಬಂದವು. ನರು ಸಮುದ್ರದ ಗೋಡೆ ಹತ್ತಿ, ಹತ್ತದೇ ಇದ್ದರೆ ಏನೂ ಕಾಣಲ್ಲ ಅಂತ ಹಂಡಾನನ್ನು ಕರೆಯುವುದಿದೆಯಲ್ಲ, ಅಲ್ಲಿ ಅಮ್ಮನಿಗೆ ಸೂರ್ಯಾಸ್ತಕ್ಕಿಂತ ಮಗು ಬೀಳುತ್ತದೇನೋ ಅನ್ನುವ ಚಿಂತೆ. ಊರವರು ಎಸೆಯುವ ಮೋಚಿ ಅನ್ನುವ ಅಕ್ಕಿಯ ಉಂಡೆ ಹೆಕ್ಕಲು ಎಲ್ಲರೂ ಮುಗಿಬೀಳುವಾಗ ಅಮ್ಮ ನಕ್ಕು ನಕ್ಕು, "ತೇರಿಗೆ ಎಸೆದ ಬಾಳೆಹಣ್ಣು ಹೆಕ್ಕೋಕೆ ನಾವೂ ಹೀಗೇ ಬೀಳ್ತಿದ್ವಿ" ಅಂದರಂತೆ. ಅಲ್ಲಿ ಒಬ್ಬ ಮುದುಕಿ ಹಂಡಾನಿಗೆ ಪಾಠ ಹೇಳುತ್ತಾಳೆ. ಮೇಲೆ ನೋಡಬೇಡ, ಕೆಳಗೆ ಬಿದ್ದದ್ದನ್ನು ನೋಡು. ನಿನಗಿಂತ ಮುಂದೆ ಯಾರಾದರೂ ನುಗ್ಗಿದರೆ ನೀವೇ ಮೊದಲು ತಗೊಳ್ಳಿ ಅಂತ ಬಿಟ್ಟುಕೊಡು, ಆಮೇಲೆ ಇನ್ನೂ ದೊಡ್ಡದಕ್ಕೆ ಕೈ ಹಾಕು. ಅಮ್ಮನಿಗೆ ಆ ಮುದುಕಿ ಬಹಳ ಹಿಡಿಸಿದ್ದಾಳೆ. ಆದರೆ ಹಂಡಾ ಮೇಲಿನ ಕೋಪ ಇನ್ನೂ ಇಳಿದಿಲ್ಲ. "ವಯಸ್ಸಾದೋರಿಗೆ ಹೊಡೆದನಲ್ಲ, ಹೋಗಿ ಕ್ಷಮೆ ಕೇಳ್ತಾನೋ ಇಲ್ವೋ ಕೇಳ್ಕೊಂಡ್ ಬಾ" ಅಂತ ಮಗನನ್ನು ಕಳಿಸಿದ್ದಾರೆ. ಹುಡುಗಿ ಮಾತ್ರ ಬಾಯಿ ಬಿಡಲಿಲ್ಲ. "ನಾನ್ ಹೇಳಲ್ಲ ಸರ್, ಅಮ್ಮನೇ ನೋಡ್ಲಿ."

ನಾನು ಅನಿಮೆ ಬಗ್ಗೆ ತುಂಬಾ ಓದುತ್ತೇನೆ. ಯಾವ ಸ್ಟುಡಿಯೊ, ಯಾವ ನಿರ್ದೇಶಕ, ಚಿತ್ರ ಎಲ್ಲಿ ಸೊರಗಿತು, ಯಾವ ಸೀಸನ್ ಹಳಿ ತಪ್ಪಿತು. ಎಲ್ಲ ಬೇಕು, ನನಗೆ ಅದರಲ್ಲಿ ನಿಜವಾದ ಖುಷಿ ಇದೆ. ಆದರೆ ಆ ತಾಯಿ ಕೇಳಿದ ಹಾಗೆ, ತಪ್ಪು ಮಾಡಿದವನು ಕ್ಷಮೆ ಕೇಳುತ್ತಾನಾ ಅಂತ ಒಂದು ವಾರ ಕಾದು ಕೂರುವುದಿದೆಯಲ್ಲ, ಅಂಥ ನೋಡುಗರು ಸಿಕ್ಕರೆ ಕಥೆ ಬರೆದವರ ಜನ್ಮ ಸಾರ್ಥಕ.

ಮತ್ತೆ ಆ ಪ್ರಶ್ನೆಗೇ ಬರುತ್ತೇನೆ. ಬಸ್ಸಿನಲ್ಲಿ ನಿಂತಾಗ, ಅನ್ನಕ್ಕೆ ಇಟ್ಟಾಗ, ಅದೇ ಕಿವಿಯಲ್ಲಿ. ಯಾರ ಜೊತೆ ಕೂತು ನೋಡ್ತೀರಾ? ನಾವು ಒಬ್ಬರಿಗೊಬ್ಬರು ಎಷ್ಟೊಂದು ಹೇಳುತ್ತೇವೆ. ಈ ಸಿನಿಮಾ ನೋಡು, ಈ ಪುಸ್ತಕ ಓದು, ಈ ಡಾಕ್ಟರ್ ಹತ್ತಿರ ಹೋಗು, ಮಗನನ್ನು ಆ ಕಾಲೇಜಿಗೇ ಹಾಕು. ನಮಗೆ ಹಿಡಿಸಿದ್ದನ್ನು ಎದುರಿಗಿದ್ದವರ ಕೈಗೆ ತುರುಕುತ್ತೇವೆ. ಅವರ ಕೈಯಲ್ಲಿ ಆಗಲೇ ಏನಿದೆ ಅಂತ ನೋಡುವುದಿಲ್ಲ. ಟ್ಯಾಕ್ಸ್ ಸೆಕ್ಷನ್ ಹುಡುಗ ಫ್ರೀರೆನ್ ಅನ್ನುವ ಅನಿಮೆಗೆ ಹತ್ತಕ್ಕೆ ಹತ್ತು ಕೊಟ್ಟವನು. ಆ ಕಥೆ ಇರುವುದೇ ಇದರ ಮೇಲೆ. ಸಾವಿರ ವರ್ಷಕ್ಕೂ ಹೆಚ್ಚು ಬದುಕಿದ ಮಾಂತ್ರಿಕ ಹೆಣ್ಣು, ಹಿಮ್ಮೆಲ್ ಎಂಬ ವೀರನ ಜೊತೆ 10 ವರ್ಷ ಊರೂರು ತಿರುಗುತ್ತಾಳೆ. 50 ವರ್ಷ ಬಿಟ್ಟು ಬಂದರೆ ಅವನು ಮುದುಕನಾಗಿರುತ್ತಾನೆ. ಅವನನ್ನು ಮಣ್ಣು ಮಾಡುವಾಗ ನಿಂತು ಅಳುತ್ತಾಳೆ. ಇವನ ಬಗ್ಗೆ ನನಗೇನೂ ಗೊತ್ತಿಲ್ಲ, ಯಾಕೆ ತಿಳಿದುಕೊಳ್ಳಲಿಲ್ಲ ನಾನು ಅಂತ. ಆ ದೃಶ್ಯ ಹೇಳುವಾಗ ನಮ್ಮ ಹುಡುಗನ ಗಂಟಲು ಈಗಲೂ ಕಟ್ಟುತ್ತದೆ, ಸುಳ್ಳಲ್ಲ. ಅಂಥ ಕಥೆಗೆ ಅತ್ತವನು ಎದುರಿಗೆ ಪೆನ್ನು ಹಿಡಿದು ನಿಂತವರನ್ನು ಒಂದು ಮಾತು ಕೇಳಬಹುದಿತ್ತು ಅನ್ನಿಸುತ್ತದೆ ನನಗೆ. ಹುಡುಗಿಗೆ ಫ್ರೀರೆನ್ ಅಷ್ಟೇನೂ ಇಷ್ಟ ಇಲ್ಲ. ಆದರೂ ಕೇಳಿದ್ದು ಅವಳೇ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಸರ್ ಒಂದೊಂದೇ ಸಾಲು ನಿಲ್ಲಿಸಿ ನಿಲ್ಲಿಸಿ ಅಮ್ಮನಿಗೆ ಹೇಳಬೇಕಾಯಿತಲ್ಲ, ಅದು ನನಗೆ ಚುಚ್ಚುತ್ತದೆ. ಕಳೆದ ವರ್ಷ, 2025ರ ಸೆಪ್ಟೆಂಬರ್ 12ಕ್ಕೆ, ಡೀಮನ್ ಸ್ಲೇಯರ್‌ನ ಇನ್ಫಿನಿಟಿ ಕ್ಯಾಸಲ್ ಸಿನಿಮಾ ಭಾರತದ ಥಿಯೇಟರುಗಳಿಗೆ ಬಂತು. ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇತ್ತು. ಕನ್ನಡ ಇರಲಿಲ್ಲ. ನಾನು ನೋಡಲು ಹೋದಾಗ ಹಿಂದಿನ ಸಾಲಿನ ಹುಡುಗರು ಇಂಟರ್ವಲ್‌ನಲ್ಲಿ ಆಡಿದ್ದು ಅಪ್ಪಟ ಕನ್ನಡ. ಅದರಲ್ಲಿ ಬರುವ ಅಕಾಜಾ ಅನ್ನುವ ರಾಕ್ಷಸನ ಕಥೆ ಹೇಳಿ ಒಬ್ಬ ಕಣ್ಣೊರೆಸಿಕೊಂಡದ್ದೂ ಕನ್ನಡದಲ್ಲೇ. ದಶಕಗಳ ಕಾಲ ನಮ್ಮ ಚಿತ್ರರಂಗ ಡಬ್ಬಿಂಗನ್ನು ಬಾಗಿಲಾಚೆಯೇ ನಿಲ್ಲಿಸಿತು. ಹಾಗೆ ತಡೆಯುವುದು ತಪ್ಪು ಅಂತ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಹೇಳಿತು. ಈಗ ದೊಡ್ಡ ಸಿನಿಮಾಗಳು ಕನ್ನಡದಲ್ಲಿ ಬರುತ್ತಿವೆ. ಬರಕಾಮೊನ್‌ನಂಥ ಸಣ್ಣ ಕಥೆಗೆ ಆ ಭಾಗ್ಯ ಯಾವಾಗಲೋ. ಡಬ್ಬಿಂಗ್ ಬೇಡ, ದೊಡ್ಡ ಅಕ್ಷರದ ಕನ್ನಡ ಸಬ್‌ಟೈಟಲ್ ಸಿಕ್ಕರೂ ಸಾಕು. "ಸುಮ್ನಿರೋ, ನಂಗೆ ಗೊತ್ತಾಗುತ್ತೆ" ಅಂದದ್ದು ಆ ತಾಯಿಯ ದೊಡ್ಡತನ. ಎಲ್ಲರ ಮನೆಯಲ್ಲೂ ಮಗ ಪಕ್ಕದಲ್ಲಿ ಕೂತು ಅರ್ಥ ಹೇಳುವುದಿಲ್ಲ. ಕನ್ನಡ ಬಲ್ಲವರು ಕನ್ನಡದಲ್ಲೇ ನೋಡುವ ಹಾಗಿರಬೇಕು, ಅಷ್ಟೆ.

ಇವತ್ತು ಮಧ್ಯಾಹ್ನದ ಚರ್ಚೆ, ಬರಕಾಮೊನ್ ಮುಗಿದ ಮೇಲೆ ಅಮ್ಮನಿಗೆ ಯಾವುದು ಅಂತ. ನನ್ನ ವೋಟು ನತ್ಸುಮೆ ಅನ್ನುವ ಹುಡುಗನ ಅನಿಮೆಗೆ. 2008ರಲ್ಲಿ ಶುರುವಾಗಿ 2024ರಲ್ಲಿ ಏಳನೇ ಸೀಸನ್ ಬಂದ ಕಥೆ. ಅಜ್ಜಿ ಒಂದು ಪುಸ್ತಕದಲ್ಲಿ ಕಟ್ಟಿಟ್ಟ ಭೂತಗಳ ಹೆಸರುಗಳನ್ನು ಮೊಮ್ಮಗ ಒಂದೊಂದಾಗಿ ವಾಪಸ್ ಕೊಡುತ್ತಾ ಹೋಗುತ್ತಾನೆ. ಜೊತೆಗೆ ಒಂದು ಡುಮ್ಮ ಬೆಕ್ಕು. ಹುಡುಗಿ ಯೋಚನೆ ಮಾಡಿ, "ಅವನೂ ತಬ್ಬಲಿ ಅಲ್ವಾ ಮೇಡಂ?" ಅಂದಳು. ಹೌದು. ಆದರೆ ಅವನನ್ನು ಮನೆಗೆ ಕರೆದುಕೊಂಡ ಗಂಡ ಹೆಂಡತಿ ಎಷ್ಟು ಒಳ್ಳೆಯವರು ಅಂತ ನಾನು ವಾದ ಮಾಡಿದೆ.

ಟ್ಯಾಕ್ಸ್ ಸೆಕ್ಷನ್ ಹುಡುಗ ಈ ಸಲ ಅಂಕ ಹೇಳಲಿಲ್ಲ. "ಸರ್, ಸ್ಪೈ ಫ್ಯಾಮಿಲಿ ಹೇಗೆ? ಚಿಕ್ಕ ಮಗು ಇದೆ, ಎಲ್ಲರ ಮನಸ್ಸಲ್ಲಿರೋದು ಅದಕ್ಕೆ ಕೇಳಿಸುತ್ತೆ. ಸಾಕಿದ ಅಪ್ಪ ಗೂಢಚಾರ. ಅಮ್ಮ ಮಾತ್ರ, ಕೊಲೆ ಮಾಡೋ ಕೆಲಸದವಳು. ನಿಮ್ಮ ಅಮ್ಮಂಗೆ ಪರವಾಗಿಲ್ವಾ?"

ಸರ್ ಯೋಚಿಸಿದರು. "ಅಡುಗೆ ಹೇಗ್ ಮಾಡ್ತಾಳೆ?"

"ಭಯಂಕರ ಕೆಟ್ಟದಾಗಿ ಸರ್."

"ಹಾಗಾದ್ರೆ ಅಮ್ಮ ಬಿಡದೆ ನೋಡ್ತಾರೆ" ಅಂದು ವೋಚರ್ ಹಿಂದೆ ಬರೆದುಕೊಂಡರು. ನತ್ಸುಮೆ ಹೆಸರನ್ನೂ ಅದರ ಕೆಳಗೆ ಬರೆಸಿದ್ದೇನೆ.